ಕಾಪುವಿನಿಂದ ಕುಂದಾದ್ರಿಗೆ: ಮೂರು ಬೈಕು, ಎರಡು ಡೇರೆ, ಒಂದು ಥರ್ಮಾಮೀಟರ್

ಉಡುಪಿ ಜಿಲ್ಲೆಯ ಯಾವ ಊರಿನ ಬಯಲಲ್ಲಿ ನಿಂತು ಮೂಡು ದಿಕ್ಕಿಗೆ ಮುಖ ಮಾಡಿದರೂ, ಆಕಾಶ ತಿಳಿಯಾಗಿದ್ದ ದಿನ ಒಂದು ನೀಲಿ ಗೋಡೆ ಕಾಣಿಸುತ್ತದೆ. ಅದೇ ಘಟ್ಟ. ಇಲ್ಲಿನ ಜನಕ್ಕೆ ಕರ್ನಾಟಕವೆಂದರೆ ಎರಡೇ ಭಾಗ: ಘಟ್ಟದ ಕೆಳಗೆ ಮತ್ತು ಘಟ್ಟದ ಮೇಲೆ. ಹಿಂದೆ ಎತ್ತಿನ ಮೇಲೆ ಉಪ್ಪು, ಒಣಮೀನು ಹೇರಿಕೊಂಡು ಮೇಲೆ ಹೋಗುತ್ತಿದ್ದರು. ಮೆಣಸು, ಅಕ್ಕಿ ತರುತ್ತಿದ್ದರು. ಈಗ ಶನಿವಾರ ಬೆಳಗಾದರೆ ಮಣಿಪಾಲದ ಹುಡುಗರು ಬೈಕು ಏರಿ ಆಗುಂಬೆಗೆ ಹೋಗುತ್ತಾರೆ. ಮನೆಯಲ್ಲಿ ತಾಯಂದಿರು ಸಂಜೆಯವರೆಗೆ ಫೋನು ನೋಡುತ್ತ ಕೂರುತ್ತಾರೆ.

ಕಳೆದ ಮೇ ತಿಂಗಳ ರಜೆಯಲ್ಲಿ ನಾವು ನಾಲ್ವರು ಹಳೆಯ ಗೆಳೆಯರು, ಐವತ್ತು ದಾಟಿದವರು, ಇದೇ ದಾರಿಯಲ್ಲಿ ಮೂರು ದಿನದ ಸವಾರಿ ಹೊರಟೆವು. ಕಾರ್ಕಳದಲ್ಲಿ ಗ್ಯಾರೇಜು ಇಟ್ಟಿರುವ ಮೆಕ್ಯಾನಿಕ್ ಒಬ್ಬ, ಮಣಿಪಾಲದ ಮುದ್ರಣಾಲಯದಲ್ಲಿ ದುಡಿದವನೊಬ್ಬ, ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದ ಕಾಪುವಿನ ಗೆಳೆಯನೊಬ್ಬ, ವಿಜ್ಞಾನ ಮೇಷ್ಟ್ರಾದ ನಾನು. ಐದನೆಯವನೊಬ್ಬ ಸೇರಿಕೊಂಡ. ಬ್ಯಾಂಕಿನ ಗೆಳೆಯನ ಮಗ, ಹತ್ತೊಂಬತ್ತರ ಹುಡುಗ, ಇಂಜಿನಿಯರಿಂಗ್ ಮೊದಲ ವರ್ಷ ಮುಗಿಸಿದ್ದ.

ಹುಡುಗ ಸೇರಿಕೊಂಡದ್ದಕ್ಕೆ ಕಾರಣವಿತ್ತು. ಸಹಪಾಠಿಗಳ ಜತೆ ಬೈಕಿನಲ್ಲಿ ಘಟ್ಟಕ್ಕೆ ಹೋಗಬೇಕೆಂದು ಅವನು ಆರು ತಿಂಗಳಿನಿಂದ ಕೇಳುತ್ತಿದ್ದ. ಅಪ್ಪ ಒಪ್ಪಿರಲಿಲ್ಲ. ಆ ಮನೆಯಲ್ಲಿ ಬೈಕೆಂದರೆ ಬರಿಯ ಬೈಕಲ್ಲ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ಗೆಳೆಯನ ತಮ್ಮ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಿದ್ದ. ಅಂದಿನಿಂದ ಗೆಳೆಯ ಹ್ಯಾಂಡಲ್ ಮುಟ್ಟಿಲ್ಲ. “ನನ್ನನ್ನು ಕೇಳದೆ ಹೋದಾನೋ ಅಂತ ಹೆದರಿಕೆ, ಕೇಳಿ ಹೋದರೂ ಹೆದರಿಕೆ. ನಾನೇನು ಮಾಡಲಿ ಮೇಷ್ಟ್ರೇ?” ಎಂದು ಕೇಳಿದ್ದ. ಅದಕ್ಕೆ ನಮ್ಮ ಮೆಕ್ಯಾನಿಕ್ ಹೇಳಿದ, “ನಮ್ಮ ಜತೆ ಬರಲಿ ಮಾರಾಯ. ನೀನೂ ಬಾ. ಮೂರು ದಿನ ಅವನು ಓಡಿಸುವುದನ್ನು ನೋಡು. ಆಮೇಲೆ ಬೇಡ ಅಂದರೆ ನಾವು ಯಾರೂ ಮಾತಾಡುವುದಿಲ್ಲ.”

ಬೈಕುಗಳು ಮೂರು. ಮೆಕ್ಯಾನಿಕ್‌ನದು ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ದಿ. ಆ ಕಾರ್ಖಾನೆ 1996ರಲ್ಲಿ ನಿಂತುಹೋದರೂ ಇವನ ಗಾಡಿ ನಿಂತಿಲ್ಲ. ಮುದ್ರಣಾಲಯದವನದು ಬುಲೆಟ್, ಅದರ ಹಿಂದೆ ಬ್ಯಾಂಕಿನವನು. ನನ್ನದು ನೂರು ಸಿ.ಸಿ.ಯ ಸಾಧಾರಣ ಬೈಕು. ಹುಡುಗ ಓಡಿಸುವುದು, ನಾನು ಹಿಂದೆ ಕೂರುವುದು ಎಂದಾಯಿತು. ಎರಡು ಡೇರೆ, ಸಣ್ಣದೊಂದು ಸ್ಟೌ, ಕುಚ್ಚಲಕ್ಕಿ, ಉಪ್ಪಿನಕಾಯಿ, ಅವಲಕ್ಕಿಯ ಜತೆಗೆ ನನ್ನದೊಂದು ವಿಶೇಷ ಸಾಮಾನಿತ್ತು: 110 ಡಿಗ್ರಿವರೆಗೆ ಗೆರೆಯಿರುವ ಪ್ರಯೋಗಶಾಲೆಯ ಥರ್ಮಾಮೀಟರ್.

ಎತ್ತರ ಸೊನ್ನೆ

ಕಾಪು ಕಡಲತೀರದಲ್ಲಿ ಬಂಡೆಯ ಮೇಲೆ ದೀಪಸ್ತಂಭವಿದೆ. ಕಟ್ಟಿದ್ದು 1901ರಲ್ಲಿ, ಎತ್ತರ ಸುಮಾರು 27 ಮೀಟರು. ಬೆಳಗಿನ ಐದೂವರೆಗೆ ಅದರ ಬುಡದ ಮರಳಿನಲ್ಲಿ ಸ್ಟೌ ಹಚ್ಚಿ ನೀರು ಕಾಯಿಸಿದೆವು. ನೀರು ಕೊತಕೊತ ಕುದಿಯತೊಡಗಿದ ಮೇಲೆ ಹುಡುಗ ಥರ್ಮಾಮೀಟರ್ ಇಳಿಸಿದ. ಪಾದರಸ 100ರ ಗೆರೆಯಲ್ಲಿ ನಿಂತಿತು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಅದೇ ನೀರಿನಲ್ಲಿ ಚಹಾ ಮಾಡಿ ಕುಡಿದೆವು.

ಪುಸ್ತಕದಲ್ಲಿ ‘ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ’ ಎಂದು ಓದುತ್ತೇವೆ. ಆ ಮಾತು ಪೂರ್ತಿ ನಿಜವಾಗುವುದು ಸಮುದ್ರಮಟ್ಟದಲ್ಲಿ ಮಾತ್ರ. ನಮ್ಮ ತಲೆಯ ಮೇಲೆ ಗಾಳಿಯ ಕಂಬವೊಂದು ನಿಂತಿದೆ. ಅದರ ಭಾರ ನೀರಿನ ಮೇಲೂ ಬೀಳುತ್ತದೆ. ಆ ಒತ್ತಡವನ್ನು ಆವಿ ಸರಿಗಟ್ಟಿದಾಗಲೇ ನೀರು ಕುದಿಯುವುದು. ಮೇಲೆ ಹೋದಂತೆ ಕಂಬ ಗಿಡ್ಡವಾಗುತ್ತದೆ, ಒತ್ತಡ ಇಳಿಯುತ್ತದೆ, ಕುದಿಯುವ ಬಿಂದುವೂ ಇಳಿಯುತ್ತದೆ. ಲೆಕ್ಕ ಸುಲಭ: ಸುಮಾರು 300 ಮೀಟರಿಗೆ ಒಂದು ಡಿಗ್ರಿ. ಒಂದು ಪಾತ್ರೆ ಮತ್ತು ಒಂದು ಥರ್ಮಾಮೀಟರ್ ಇದ್ದರೆ ಬೆಟ್ಟದ ಎತ್ತರವನ್ನು ಅಂದಾಜು ಮಾಡಬಹುದು. ಹಿಂದಿನ ಕಾಲದ ಭೂಮಾಪಕರೂ ಪರ್ವತಾರೋಹಿಗಳೂ ಹೀಗೆಯೇ ಮಾಡುತ್ತಿದ್ದರು.

ಕಾಪುವಿನಿಂದ ಉಡುಪಿಗೆ ಹೆದ್ದಾರಿಯಲ್ಲಿ ಹದಿಮೂರು ಕಿಲೋಮೀಟರು. ರಥಬೀದಿಯ ಹತ್ತಿರದ ಹೋಟೆಲಿನಲ್ಲಿ ಬನ್ಸು, ಇಡ್ಲಿ ತಿಂದು ಮಣಿಪಾಲದ ಏರು ಹತ್ತಿದೆವು. ಮಣಿಪಾಲ ಇರುವುದು ಮುರಕಲ್ಲಿನ ಗುಡ್ಡದ ಮೇಲೆ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಇಲ್ಲಿ ವೈದ್ಯಕೀಯ ಕಾಲೇಜು ಆರಂಭಿಸುವ ಮೊದಲು ಇದು ಮುಳಿಹುಲ್ಲಿನ ಬೋಳುಗುಡ್ಡವಾಗಿತ್ತೆಂದು ಹಿರಿಯರು ಹೇಳುತ್ತಾರೆ. ಮುರಕಲ್ಲು ಮಳೆಯ ಮಗು. ಸಾವಿರಾರು ವರ್ಷ ಬಿಸಿಲು ಮಳೆಗಳಲ್ಲಿ ನೆಂದ ಬಂಡೆಯಿಂದ ಕರಗುವುದೆಲ್ಲ ಕರಗಿಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಮಿನ ಆಕ್ಸೈಡುಗಳು ಉಳಿದುಕೊಳ್ಳುತ್ತವೆ. ಅದಕ್ಕೇ ಆ ಕೆಂಪು. ನಮ್ಮ ಮನೆ, ಬಾವಿಕಟ್ಟೆ, ಶಾಲೆಯ ಗೋಡೆ ಎಲ್ಲವೂ ಅದೇ ಕಲ್ಲು.

ಗುಡ್ಡದ ತುದಿಯ ಎಂಡ್ ಪಾಯಿಂಟಿನಿಂದ ಕೆಳಗೆ ಸ್ವರ್ಣಾ ನದಿ ಕಾಣುತ್ತದೆ. ಮೇ ತಿಂಗಳಲ್ಲಿ ಅದು ಬಡವಾಗಿತ್ತು. ಇದೇ ನದಿಗೆ ಬಜೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ ಉಡುಪಿ ನಗರಕ್ಕೆ ಕುಡಿಯುವ ನೀರು ಬರುತ್ತದೆ. 2019ರ ಮೇ ತಿಂಗಳಲ್ಲಿ ಬಜೆ ತಳ ಕಂಡು, ನಗರದಲ್ಲಿ ಸರದಿಯ ಮೇಲೆ ನೀರು ಬಿಟ್ಟಿದ್ದನ್ನು ಉಡುಪಿಯವರು ಮರೆತಿಲ್ಲ. “ನಲ್ಲಿ ತಿರುಗಿಸಿದರೆ ಬರುವ ನೀರು ಎಲ್ಲಿಂದ?” ಎಂದು ಹುಡುಗನನ್ನು ಕೇಳಿದೆ. “ಟ್ಯಾಂಕಿನಿಂದ ಸರ್” ಎಂದ. ಎಲ್ಲರೂ ನಕ್ಕೆವು. ಮೂರನೆಯ ದಿನ ನಿನಗೆ ಸರಿಯುತ್ತರ ತೋರಿಸುತ್ತೇನೆ ಎಂದೆ.

ಹದಿನಾಲ್ಕು ತಿರುವುಗಳು

ಪರ್ಕಳ, ಹಿರಿಯಡ್ಕ, ಪೆರ್ಡೂರು ದಾಟಿ ಹೆಬ್ರಿಗೆ ಬಂದಾಗ ಎಂಟೂವರೆ. ಅಲ್ಲಿ ಪೆಟ್ರೋಲು ತುಂಬಿಸಿಕೊಂಡೆವು. ಹೆಬ್ರಿಯಿಂದ ಮುಂದೆ ರಸ್ತೆಯ ಎರಡೂ ಬದಿ ಕಾಡು ಒತ್ತಿ ಬರುತ್ತದೆ. ಸೀತಾನದಿಯ ಸೇತುವೆ, ಆಮೇಲೆ ಸೋಮೇಶ್ವರ. ಅಲ್ಲಿಂದ ಘಟ್ಟ.

ಸೋಮೇಶ್ವರದಿಂದ ಆಗುಂಬೆಗೆ ಹತ್ತು ಕಿಲೋಮೀಟರಿನ ಆಸುಪಾಸು. ಅಷ್ಟರಲ್ಲಿ ಐನೂರು ಮೀಟರಿಗೂ ಹೆಚ್ಚು ಏರಬೇಕು. ಹದಿನಾಲ್ಕು ಹೇರ್‌ಪಿನ್ ತಿರುವುಗಳು. ತಿರುವು ಏಕೆ ಬೇಕು? ನೇರ ಹತ್ತಿದರೆ ದೂರ ಕಡಿಮೆ, ಬಲ ಹೆಚ್ಚು. ಸುತ್ತಿ ಹತ್ತಿದರೆ ದೂರ ಹೆಚ್ಚು, ಬಲ ಕಡಿಮೆ. ಎಂಟನೆಯ ತರಗತಿಯಲ್ಲಿ ನಾವು ಕರಿಹಲಗೆಯ ಮೇಲೆ ಬರೆಯುವ ಇಳಿಜಾರು ಹಲಗೆಯ ಪಾಠವನ್ನೇ ರಸ್ತೆ ಮಾಡಿದವರು ಬೆಟ್ಟಕ್ಕೆ ಸುತ್ತಿದ್ದಾರೆ.

ಮೆಕ್ಯಾನಿಕ್ ಕೆಳಗೆ ನಿಲ್ಲಿಸಿ ಹುಡುಗನಿಗೆ ಮೂರೇ ಮಾತು ಹೇಳಿದ. “ತಿರುವಿಗೆ ಮೊದಲೇ ಗೇರು ಇಳಿಸು, ತಿರುವಿನೊಳಗೆ ಅಲ್ಲ. ಮೇಲೆ ಬರುವ ಗಾಡಿಗೆ ಮೊದಲ ಹಕ್ಕು ಇದ್ದರೂ ಇಳಿಯುವವನು ಬಿಡುತ್ತಾನೆ ಅಂತ ನಂಬಬೇಡ. ನಿನ್ನ ಕಣ್ಣು ಗುಂಡಿ ನೋಡಬಾರದು, ನೀನು ಹೋಗಬೇಕಾದ ಜಾಗ ನೋಡಬೇಕು. ಕಣ್ಣು ಹೋದಲ್ಲಿ ಗಾಡಿ ಹೋಗುತ್ತದೆ.” ಹುಡುಗ ಹದಿನಾಲ್ಕೂ ತಿರುವುಗಳಲ್ಲಿ ಹಾರನ್ ಹೊಡೆದು, ಎಡಕ್ಕೆ ಅಂಟಿಕೊಂಡು ಹತ್ತಿದ. ಬುಲೆಟಿನ ಹಿಂದೆ ಕುಳಿತ ಅಪ್ಪ ಒಂದು ಸಲವೂ ಕಾಡು ನೋಡಲಿಲ್ಲವಂತೆ. ಮುಂದಿನ ಬೈಕಿನ ಹಿಂಬದಿಯ ದೀಪವನ್ನೇ ನೋಡುತ್ತಿದ್ದನಂತೆ.

ನಡುವಿನ ತಿರುವೊಂದರಲ್ಲಿ ಸಿಂಗಳೀಕಗಳ ಗುಂಪು ರಸ್ತೆ ದಾಟುತ್ತಿತ್ತು. ಕರಿಮೈ, ಮುಖದ ಸುತ್ತ ಬಿಳಿಕೇಸರ, ತುದಿಗೊಂಡೆಯ ಬಾಲ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಈ ಪ್ರಾಣಿ ಕಾಡಿನಲ್ಲಿ ಇಲ್ಲ. ಮರದ ಮೇಲೆಯೇ ಬದುಕುವ ಇವು ನೆಲಕ್ಕಿಳಿಯಲು ಕಾರಣ, ಕಾರಿನ ಕಿಟಕಿಯಿಂದ ಬೀಳುವ ಬಾಳೆಹಣ್ಣು, ಬಿಸ್ಕತ್ತು. ಪುಣ್ಯವೆಂದು ಎಸೆದ ಹಣ್ಣಿನಿಂದಲೇ ಅವು ಗಾಲಿಯಡಿ ಸಿಕ್ಕುತ್ತವೆ. ದಯವಿಟ್ಟು ಎಸೆಯಬೇಡಿ.

ಆಗುಂಬೆಯ ಎತ್ತರ ಸುಮಾರು 650 ಮೀಟರು, ವರ್ಷದ ಸರಾಸರಿ ಮಳೆ 7,600 ಮಿಲಿಮೀಟರಿನ ಸುತ್ತಮುತ್ತ. ಅರಬ್ಬಿ ಸಮುದ್ರದ ತೇವದ ಗಾಳಿ ಈ ಗೋಡೆಗೆ ತಾಗಿ ಮೇಲೇರುತ್ತದೆ. ಏರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣಿಯುತ್ತದೆ, ತಣಿದ ಗಾಳಿ ನೀರು ಹಿಡಿದುಕೊಳ್ಳಲಾರದೆ ಇಲ್ಲೇ ಸುರಿದುಬಿಡುತ್ತದೆ. ತೀರ್ಥಹಳ್ಳಿ ದಾಟಿ ಶಿವಮೊಗ್ಗ ತಲಪುವಷ್ಟರಲ್ಲಿ ಅದರ ಚೀಲ ಬಹುಮಟ್ಟಿಗೆ ಬರಿದು. ಶಂಕರನಾಗ್ ‘ಮಾಲ್ಗುಡಿ ಡೇಸ್’ ಚಿತ್ರಿಸಿದ್ದು ಈ ಊರಿನಲ್ಲೇ. ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರಾದ ಮಳೆಕಾಡು ಸಂಶೋಧನಾ ಕೇಂದ್ರವನ್ನು ರೋಮುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ್ದೂ ಇಲ್ಲೇ.

ಅಡಿಕೆ ಅಂಗಳದಲ್ಲಿ ಡೇರೆ

ಡೇರೆ ಎಲ್ಲಿ ಹಾಕುವುದು? ಓದುವ ಮಕ್ಕಳು ಇದನ್ನು ಗಮನಿಸಬೇಕು. ಸೋಮೇಶ್ವರ ವನ್ಯಜೀವಿಧಾಮ, ಕುದುರೆಮುಖ ರಾಷ್ಟ್ರೀಯ ಉದ್ಯಾನ ಇವುಗಳೊಳಗೆ ಅನುಮತಿಯಿಲ್ಲದೆ ಡೇರೆ ಹಾಕುವುದು, ಬೆಂಕಿ ಹಚ್ಚುವುದು ಅಪರಾಧ. ಬೇಸಗೆಯಲ್ಲಿ ಒಂದು ಕೊಳ್ಳಿ ಸಾಕು, ಗುಡ್ಡದ ಹುಲ್ಲು ಹತ್ತಿ ಶೋಲಾ ಕಾಡಿನ ಅಂಚು ಸುಡುತ್ತದೆ. ಕಾಡಿನಲ್ಲೇ ರಾತ್ರಿ ಕಳೆಯಬೇಕೆಂದರೆ ಅರಣ್ಯ ಇಲಾಖೆಯನ್ನು ಕೇಳಿ, ಅವರು ತೋರಿಸಿದ ಶಿಬಿರದಲ್ಲಿ ಉಳಿಯಬೇಕು. ನಮಗೆ ಇನ್ನೂ ಸುಲಭದ ದಾರಿಯಿತ್ತು. ಗುಡ್ಡೇಕೇರಿಯ ಹತ್ತಿರ ನನ್ನ ಹಳೆಯ ವಿದ್ಯಾರ್ಥಿನಿಯ ಗಂಡನ ಮನೆ. ಅಡಿಕೆ ಒಣಗಿಸುವ ಅಂಗಳ ಮೇ ತಿಂಗಳಲ್ಲಿ ಖಾಲಿ.

ಬೆಲ್ಲ ನೀರು ಕೊಟ್ಟು ಆಕೆ ಕೇಳಿದಳು, “ಒಳಗೆ ಇಷ್ಟು ಜಾಗ ಇಟ್ಟುಕೊಂಡು ಅಂಗಳದಲ್ಲಿ ಮಲಗುವುದು ಯಾಕೆ ಸರ್?” ಆಕೆಯ ಅತ್ತೆಗಂತೂ ನಮ್ಮ ಬುದ್ಧಿಯ ಬಗ್ಗೆ ಸಂಶಯವೇ ಬಂತು. ಆದರೂ ಒಂದು ಕೊಡ ನೀರು, ಮೂರು ಒಲೆಕಲ್ಲು, ಹಲಸಿನ ಹಣ್ಣಿನ ತೊಳೆ ಕಳಿಸಿಕೊಟ್ಟರು.

ಸಂಜೆ ಕುದಿಯುವ ನೀರಿಗೆ ಥರ್ಮಾಮೀಟರ್ ಇಳಿಸಿದಾಗ ಪಾದರಸ 98ಕ್ಕೆ ಕೂದಲೆಳೆಯಷ್ಟು ಕೆಳಗೆ ನಿಂತಿತು. ಹುಡುಗ ಎರಡು ಸಲ ನೋಡಿದ, ಕಣ್ಣನ್ನು ಗೆರೆಯ ನೇರಕ್ಕೆ ತಂದು ಮೂರನೆಯ ಸಲ ನೋಡಿದ. ಪುಸ್ತಕದಲ್ಲಿ ಓದಿದ್ದು ಕಣ್ಣೆದುರು ಆದಾಗ ಮಕ್ಕಳ ಮುಖದಲ್ಲಿ ಬರುವ ಕಳೆಯನ್ನು ನೋಡಲೆಂದೇ ನಾನು ಈ ಕೆಲಸದಲ್ಲಿದ್ದೇನೆ. ಕುಚ್ಚಲಕ್ಕಿ ಗಂಜಿ ಬೇಯುವುದು ಸ್ವಲ್ಪ ತಡವಾಯಿತು. ಹಸಿದ ಬುಲೆಟ್ ಸವಾರ ಅದಕ್ಕೂ ಗಾಳಿಯ ಒತ್ತಡವನ್ನೇ ದೂರಿದ.

ಕತ್ತಲಾದ ಮೇಲೆ ತೋಟದ ಮೇಲುಬದಿಯ ಮರಗಳಲ್ಲಿ ಮಿಂಚುಹುಳಗಳು ಹತ್ತಿಕೊಂಡವು. ಮುಂಗಾರಿಗೆ ಮೊದಲ ಕೆಲವು ವಾರ ಮಲೆನಾಡಿನಲ್ಲಿ ಇವುಗಳ ಹಬ್ಬ. ಗಂಡುಹುಳ ಹೆಣ್ಣನ್ನು ಕರೆಯುವ ಸಂಕೇತ ಅದು. ಆ ಬೆಳಕಿಗೆ ಬಿಸಿಯೇ ಇಲ್ಲವೆನ್ನಬೇಕು. ಶಕ್ತಿಯನ್ನು ಅಷ್ಟು ಮಿತವಾಗಿ ಬೆಳಕು ಮಾಡುವ ಬಲ್ಬನ್ನು ನಾವು ಬಹಳ ಕಾಲ ಕನಸಿನಲ್ಲಷ್ಟೆ ಕಂಡಿದ್ದೆವು. ಅಪ್ಪ, ಮಗ ಅಂಗಳದ ಕಟ್ಟೆಯಲ್ಲಿ ಕುಳಿತು ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ಚಿಕ್ಕಪ್ಪನ ಬಗ್ಗೆ ಹುಡುಗ ಏನೋ ಕೇಳಿದ. ಅಪ್ಪ ಮೆಲ್ಲಗೆ ಹೇಳಿದ. ನಾವು ಮೂವರು ಪಾತ್ರೆ ತೊಳೆಯಲು ಬಾವಿಕಟ್ಟೆಗೆ ಹೋದೆವು.

ಕುಂದಾದ್ರಿಯ ಇಳಿಜಾರು

ಎರಡನೆಯ ದಿನ ಸೂರ್ಯ ಹುಟ್ಟುವ ಮೊದಲೇ ಕುಂದಾದ್ರಿ. ಬಯಲಿನಿಂದ ಒಮ್ಮೆಗೇ ಎದ್ದು ನಿಂತ ಹೆಬ್ಬಂಡೆಯ ಬೆಟ್ಟ. ಎತ್ತರ 826 ಮೀಟರು. ಜೈನಾಚಾರ್ಯ ಕುಂದಕುಂದರು ತಪಸ್ಸು ಮಾಡಿದ ಸ್ಥಳವೆಂಬ ನಂಬಿಕೆಯಿಂದ ಈ ಹೆಸರು. ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಬಂಡೆಯ ಕೊಳ. ಸುತ್ತ ಕಣಿವೆಗಳಲ್ಲಿ ಮಂಜು ಹಾಲಿನಂತೆ ನಿಂತಿತ್ತು. ಬಸದಿಯ ಆವರಣದಿಂದ ದೂರ, ವಾಹನ ನಿಲ್ಲಿಸುವ ಜಾಗದಲ್ಲಿ, ಅಲ್ಲಿದ್ದವರನ್ನು ಕೇಳಿಕೊಂಡು ಸ್ಟೌ ಹಚ್ಚಿದೆವು. ಪಾದರಸ 97ರಿಂದ ತುಸು ಮೇಲೆ. ಹುಡುಗ ಅಲ್ಲೇ ಲೆಕ್ಕ ಹಾಕಿದ: 826ನ್ನು 300ರಿಂದ ಭಾಗಿಸಿದರೆ ಎರಡೂಮುಕ್ಕಾಲು, ನೂರರಲ್ಲಿ ಕಳೆದರೆ ತೊಂಬತ್ತೇಳೂಕಾಲು.

ಇಳಿಯುವಾಗಿನ ಸಂಗತಿ ಹೇಳಬೇಕು. ಕುಂದಾದ್ರಿಯ ರಸ್ತೆ ಕಿರಿದು, ಕಡಿದು. ಅರ್ಧದಾರಿಯಲ್ಲಿ ಹುಡುಗ ಇದ್ದಕ್ಕಿದ್ದಂತೆ ಬೈಕನ್ನು ಬದಿಗೆ ತಂದು ನಿಲ್ಲಿಸಿದ. “ಸರ್, ಹಿಂದಿನ ಬ್ರೇಕು ಮೆತ್ತಗಾಗಿದೆ. ವಾಸನೆಯೂ ಬರುತ್ತಿದೆ” ಎಂದ. ಕೆಳಗಿನ ತಿರುವಿನಿಂದ ಬುಲೆಟ್ ಸವಾರ ಕೂಗಿದ, “ಇನ್ನು ಎರಡೇ ತಿರುವು, ಬಾ ಮಾರಾಯ!” ಹುಡುಗ ಅಲುಗಲಿಲ್ಲ. “ಇಲ್ಲ ಅಂಕಲ್, ಆರಲಿ” ಎಂದು ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ.

ಯೆಜ್ದಿ ಸವಾರ ಬಂದು ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ನೋಡಿ, “ನಿಲ್ಲಿಸಿದ್ದು ಸರಿಯಾಯಿತು” ಎಂದ. ಲೆಕ್ಕ ಹೀಗಿದೆ. ಬೈಕು, ಇಬ್ಬರು, ಸಾಮಾನು ಸೇರಿ ಸುಮಾರು 250 ಕಿಲೋ. ಇಷ್ಟು ತೂಕ 200 ಮೀಟರು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ಐದು ಲಕ್ಷ ಜೂಲ್. ಒಂದೂವರೆ ಲೀಟರು ತಣ್ಣೀರನ್ನು ಕುದಿಸುವಷ್ಟು ಶಾಖ ಅದು. ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಅದಷ್ಟೂ ಅಂಗೈಯಗಲದ ಡ್ರಮ್ಮಿನೊಳಗೆ ಸೇರುತ್ತದೆ. ಕಾದ ಲೈನಿಂಗಿನ ಹಿಡಿತ ಸಡಿಲವಾಗುತ್ತದೆ. ಆದ್ದರಿಂದಲೇ ಹಳೆಯ ಲಾರಿ ಚಾಲಕರ ಮಾತು: ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ಆಗ ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಬ್ರೇಕು ಆಗೊಮ್ಮೆ ಈಗೊಮ್ಮೆ ಒತ್ತಿ ಬಿಟ್ಟರೆ ಸಾಕು. ಪೆಟ್ರೋಲು ಉಳಿಸಲೆಂದು ಇಂಜಿನ್ ಆರಿಸಿ ಘಟ್ಟ ಇಳಿಯುವ ಚಟ ಕೆಲವರಿಗಿದೆ. ಅದರಷ್ಟು ಅಪಾಯ ಬೇರೆಯಿಲ್ಲ. ಯೆಜ್ದಿಯಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಇನ್ನೊಂದು ತೊಡಕು: ಅದರ ಎಣ್ಣೆ ಪೆಟ್ರೋಲಿನ ಜತೆಗೇ ಒಳಹೋಗುವುದರಿಂದ, ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಬಹಳ ದೂರ ಇಳಿದರೆ ಇಂಜಿನ್ನಿಗೆ ಎಣ್ಣೆ ಸಾಲದೆ ಬರುತ್ತದೆ. ನಡುನಡುವೆ ಸ್ವಲ್ಪ ತೆರೆದು ಕೊಡಬೇಕು.

ಇಪ್ಪತ್ತು ನಿಮಿಷ ಬಂಡೆಯ ನೆರಳಿನಲ್ಲಿ ಕುಳಿತೆವು. ಬುಲೆಟಿನಿಂದ ಇಳಿದು ಮೇಲೆ ನಡೆದು ಬಂದ ಅಪ್ಪ ಏನೂ ಹೇಳಲಿಲ್ಲ. ಡ್ರಮ್ಮು ಆರಿದ ಮೇಲೆ ಮೆಕ್ಯಾನಿಕ್ ಬ್ರೇಕನ್ನು ಬಿಗಿಮಾಡಿ, ನೂರು ಗಜ ಓಡಿಸಿ ಪರೀಕ್ಷಿಸಿ ತಂದುಕೊಟ್ಟ. ಎರಡನೆಯ ಗೇರಿನಲ್ಲಿ ಹುಡುಗ ಬೆಟ್ಟದ ಬುಡ ಮುಟ್ಟಿಸಿದ. ಅಲ್ಲಿ ಅಪ್ಪ ನನ್ನ ಹತ್ತಿರ ಬಂದು, “ಮೇಷ್ಟ್ರೇ, ನೀವು ಬುಲೆಟಿನಲ್ಲಿ ಕೂತುಕೊಳ್ಳಿ. ನಾನು ಅವನ ಹಿಂದೆ ಕೂರುತ್ತೇನೆ” ಎಂದ.

ತುಂಗೆಯ ದಡದ ಗುಡುಗು

ಶೃಂಗೇರಿಯಲ್ಲಿ ಮಧ್ಯಾಹ್ನ. ಹದಿನಾಲ್ಕನೆಯ ಶತಮಾನದ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಗಳ ಹನ್ನೆರಡು ಕಂಬಗಳಿವೆ. ಸೂರ್ಯನಿರುವ ರಾಶಿಗೆ ತಕ್ಕ ಕಂಬದ ಮೇಲೆ ಬೆಳಗಿನ ಕಿರಣ ಬೀಳುವಂತೆ ಜೋಡಿಸಿದ್ದಾರೆಂಬುದು ಪರಂಪರೆಯ ಮಾತು. ತುಂಗೆಯ ಮೆಟ್ಟಿಲಲ್ಲಿ ದೊಡ್ಡ ಮೀನುಗಳು ಭಕ್ತರ ಪುರಿಗೆ ಬಾಯಿ ತೆರೆದು ಕಾಯುತ್ತಿದ್ದವು.

ಒಂದು ಸೋಜಿಗ ನೋಡಿ. ಆಗುಂಬೆಯ ಏಣಿನ ಪಡುಬದಿಗೆ ಬಿದ್ದ ಮಳೆಹನಿ ಸೀತಾನದಿ ಸೇರಿ, ಘಟ್ಟ ಇಳಿದು ನಮ್ಮ ಕಡಲಿಗೇ ಬರುತ್ತದೆ. ಅದೇ ಏಣಿನ ಮೂಡುಬದಿಗೆ ಬಿದ್ದದ್ದು ಮಾಲತಿ, ತುಂಗೆ, ತುಂಗಭದ್ರೆ, ಕೃಷ್ಣೆ ಎಂದು ಹೆಸರು ಬದಲಿಸುತ್ತ ಇಡೀ ದಖ್ಖನ್ ದಾಟಿ ಬಂಗಾಳ ಕೊಲ್ಲಿ ಸೇರುತ್ತದೆ. ನೆರೆಹೊರೆಯ ಎರಡು ಹನಿಗಳ ಹಣೆಬರಹ ನಾಲ್ಕು ಅಡಿಯ ಅಂತರದಲ್ಲಿ ಬೇರೆಯಾಗುತ್ತದೆ.

ಆ ರಾತ್ರಿ ಕೆರೆಕಟ್ಟೆಯ ದಾರಿಯಲ್ಲಿ, ಮುದ್ರಣಾಲಯದ ಗೆಳೆಯನ ನೆಂಟರ ತೋಟದಲ್ಲಿ ನಮ್ಮ ಬಿಡಾರ. ಎಂಟು ಗಂಟೆಗೆ ಮೂಡಣದಲ್ಲಿ ಮಿಂಚಿತು. ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಬೇಕು. ಶಬ್ದಕ್ಕೆ ಒಂದು ಕಿಲೋಮೀಟರು ಬರಲು ಮೂರು ಸೆಕೆಂಡು. ಮೊದಲ ಗುಡುಗು ನಲವತ್ತೈದಕ್ಕೆ ಬಂತು: ಹದಿನೈದು ಕಿಲೋಮೀಟರು. ಮುಂದಿನದು ಮೂವತ್ತಕ್ಕೆ. ಎಣಿಕೆ ಮೂವತ್ತಕ್ಕೆ ಇಳಿದರೆ ಬಯಲಲ್ಲಿ ನಿಲ್ಲಬಾರದೆಂಬುದು ನಿಯಮ. ಡೇರೆಯ ಬಟ್ಟೆ ಸಿಡಿಲನ್ನು ತಡೆಯದು. ಸುತ್ತಲಿನ ಅಡಿಕೆ ಮರಗಳಂತೂ ಸಿಡಿಲಿಗೆ ಕೈಬೀಸಿ ಕರೆಯುವಷ್ಟು ಎತ್ತರ. ಗಂಜಿಯ ಪಾತ್ರೆ ಎತ್ತಿಕೊಂಡು ಐವರೂ ಮನೆಯ ಒಳಗೋಡಿದೆವು. ಹತ್ತು ನಿಮಿಷದಲ್ಲಿ ಎಣಿಕೆ ಮೂರಕ್ಕೆ ಬಂತು. ತೋಟದಾಚೆ ಎಲ್ಲೋ ಬಡಿದ ಸಿಡಿಲಿಗೆ ಹೆಂಚು ನಡುಗಿತು. ಕಿಟಕಿ, ನಲ್ಲಿ, ವಿದ್ಯುತ್ ತಂತಿಗಳಿಂದ ದೂರ, ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದೆವು. ಬೆಳಗ್ಗೆ ನೋಡಿದರೆ ಒಂದು ಡೇರೆ ಕೊಚ್ಚಿಹೋಗಿ ಬೇಲಿಗೆ ಸಿಕ್ಕಿಕೊಂಡಿತ್ತು.

ಕುದುರೆಮುಖದ ಕಾಡಿನಲ್ಲಿ

ಮೂರನೆಯ ದಿನ ಕೆರೆಕಟ್ಟೆಯ ತನಿಖಾ ಠಾಣೆಯಲ್ಲಿ ನಂಬರು ಬರೆಸಿ ರಾಷ್ಟ್ರೀಯ ಉದ್ಯಾನದ ರಸ್ತೆ ಹಿಡಿದೆವು. ಒಳಗೆ ನಿಲ್ಲುವಂತಿಲ್ಲ. ರಾತ್ರಿ ಮಳೆಗೆ ತೊಳೆದ ಕಾಡು. ಮೇಲೆ ಹಸಿರು ಹುಲ್ಲಿನ ಬೋಳುಬೆಟ್ಟ, ಮಡಿಕೆಗಳಲ್ಲಿ ಕಪ್ಪಗೆ ಶೋಲಾ. ಹುಲ್ಲು ಸ್ಪಂಜಿನಂತೆ ಮಳೆ ಕುಡಿದು, ಶೋಲಾ ಅದನ್ನು ಸೋಸಿ, ಬೇಸಗೆಯವರೆಗೆ ತೊಟ್ಟು ತೊಟ್ಟಾಗಿ ಬಿಡುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಈ ಸೀಮೆಯ ಗಂಗಾಮೂಲದಲ್ಲೇ ಹುಟ್ಟುತ್ತವೆ. ಸ್ವರ್ಣೆಗೂ ನೀರು ಈ ಬೆಟ್ಟಗಳ ಪಡುಮಗ್ಗುಲಿನಿಂದಲೇ. ಮಣಿಪಾಲದಲ್ಲಿ ನಾನು ಕೇಳಿದ್ದ ಪ್ರಶ್ನೆಗೆ ಉತ್ತರ ಇಲ್ಲಿತ್ತು.

ಇದೇ ಬೆಟ್ಟಸಾಲಿನಲ್ಲಿ ಮ್ಯಾಗ್ನೆಟೈಟ್ ಅದಿರು ತೆಗೆಯಲು 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಆರಂಭವಾಯಿತು. ಅರೆದ ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಸಾವಿರಾರು ಮನೆಗಳಿಗೆ ಅದು ಅನ್ನ ಕೊಟ್ಟಿತು; ಭದ್ರೆಗೆ ಹೂಳನ್ನೂ ಕೊಟ್ಟಿತು. 1987ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆಗೆ ಸೇರಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಕುದುರೆಮುಖವೂ ಸೋಮೇಶ್ವರವೂ ಇವೆ.

ಮಾಳದ ಕಡೆಗೆ ಘಟ್ಟ ಇಳಿಯುವಾಗ ನಾನು ಬುಲೆಟಿನ ಹಿಂದೆ ಕುಳಿತು ಮುಂದಿನ ಬೈಕನ್ನು ನೋಡುತ್ತಿದ್ದೆ. ಮೊದಮೊದಲು ಅಪ್ಪನ ಕೈ ಮಗನ ಹೆಗಲನ್ನು ಬಿಗಿಯಾಗಿ ಹಿಡಿದಿತ್ತು. ಬಜಗೋಳಿಗೆ ಬರುವಷ್ಟರಲ್ಲಿ ಆ ಕೈ ತೊಡೆಯ ಮೇಲಿತ್ತು. ಮನುಷ್ಯ ಕಾಡು ನೋಡುತ್ತಿದ್ದ.

ಗೊಮ್ಮಟನ ಎದುರು ಒಂದು ಒಪ್ಪಂದ

ಕಾರ್ಕಳದ ಬಂಡೆಯ ಬೆಟ್ಟದ ಮೇಲೆ 42 ಅಡಿಯ ಏಕಶಿಲೆಯ ಬಾಹುಬಲಿ. ಭೈರರಸ ವೀರಪಾಂಡ್ಯ 1432ರ ಫೆಬ್ರವರಿ 13ರಂದು ಪ್ರತಿಷ್ಠೆ ಮಾಡಿಸಿದ. ಎದುರಿನ ದಿಬ್ಬದಲ್ಲಿ ನಾಲ್ಕೂ ದಿಕ್ಕಿಗೆ ಒಂದೇ ಬಗೆಯ ಬಾಗಿಲುಗಳಿರುವ ಚತುರ್ಮುಖ ಬಸದಿ, 1586ರದ್ದು. ವಿಗ್ರಹವನ್ನು ಗಾಡಿಯ ಮೇಲೆ ಹೇರಿ ಬೆಟ್ಟಕ್ಕೆ ಎಳೆದು ತಂದ ಸಾಹಸವನ್ನು ಕವಿ ಚಂದ್ರಮ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ಯಲ್ಲಿ ವರ್ಣಿಸಿದ್ದಾನೆ. ಅಲ್ಲೂ ಕೆಲಸ ಮಾಡಿದ್ದು ಇಳಿಜಾರು, ಗಾಲಿ, ಹಗ್ಗ ಮತ್ತು ಬಹಳಷ್ಟು ಜನರ ತಾಳ್ಮೆ.

ಮೆಟ್ಟಿಲಿನ ನೆರಳಿನಲ್ಲಿ ಕುಳಿತು ಮಜ್ಜಿಗೆ ಕುಡಿಯುವಾಗ ಅಪ್ಪನೇ ಮಾತು ತೆಗೆದ. “ಬ್ರೇಕು ಹೋಗಿದೆ ಅಂತ ನಿಲ್ಲಿಸಿದೆಯಲ್ಲ, ಗೆಳೆಯರು ನಗಾಡಿದರೂ ಹಾಗೇ ನಿಲ್ಲಿಸುತ್ತೀಯಾ?”

ಹುಡುಗ ಕೂಡಲೇ ಉತ್ತರ ಕೊಡಲಿಲ್ಲ. “ಕಷ್ಟ ಅಪ್ಪ” ಎಂದ. ಸ್ವಲ್ಪ ತಡೆದು, “ಆದರೆ ನಿಲ್ಲಿಸುತ್ತೇನೆ” ಎಂದ.

‘ಖಂಡಿತ’ ಎಂದು ಥಟ್ಟನೆ ಹೇಳಿದ್ದರೆ ಅಪ್ಪ ನಂಬುತ್ತಿದ್ದನೋ ಇಲ್ಲವೋ. ಆ ‘ಕಷ್ಟ’ ಎಂಬ ಮಾತಿನಿಂದ ನಂಬಿದನೆಂದು ನನಗೆ ಅನ್ನಿಸಿತು. ನನ್ನ ನೋಟ್‌ಬುಕ್ಕು ತೆಗೆದುಕೊಂಡು, ಕುದಿಯುವ ಬಿಂದುಗಳ ಪಟ್ಟಿಯ ಕೆಳಗೇ ಷರತ್ತುಗಳನ್ನು ಬರೆದ. ಲೈಸೆನ್ಸು, ವಿಮೆ ಸರಿಯಿರಬೇಕು. ಓಡಿಸುವವನಿಗೂ ಹಿಂದಿನವನಿಗೂ ಹೆಲ್ಮೆಟ್, ಕೊಂಡಿ ಹಾಕಿದ್ದು. ಬೆಳಗ್ಗೆ ಹೊರಟು ಕತ್ತಲಾಗುವ ಮೊದಲು ತಲಪಬೇಕು. ಮಳೆಗಾಲದಲ್ಲಿ ಘಟ್ಟ ಬೇಡ. ಹೊರಡುವ ಹಿಂದಿನ ದಿನ ಬ್ರೇಕು, ಟಯರು, ಚೈನು ಮೆಕ್ಯಾನಿಕ್‌ಗೆ ತೋರಿಸಬೇಕು. ಘಟ್ಟದಲ್ಲಿ ಫೋನು ಸಿಗುವುದಿಲ್ಲ. ಹೆಬ್ರಿಯಿಂದ ಒಂದು, ಆಗುಂಬೆಯಿಂದ ಒಂದು ಕರೆ. ಕೊನೆಯ ಷರತ್ತನ್ನು ಮಗ ಸೇರಿಸಿದ: ಅದರ ನಡುವೆ ಅಪ್ಪ ಫೋನು ಮಾಡಬಾರದು. ಇಬ್ಬರೂ ರುಜು ಹಾಕಿದರು.

ನಿಟ್ಟೆ, ಬೆಳ್ಮಣ್ಣು, ಪಡುಬಿದ್ರಿಯ ಮೂಲಕ ಕಾಪುವಿಗೆ ಮರಳಿದಾಗ ನನ್ನ ಬೈಕಿನ ಮೀಟರು ಸುಮಾರು 250 ಕಿಲೋಮೀಟರು ತೋರಿಸುತ್ತಿತ್ತು.

ಪೋಷಕರಿಗೆ ಒಂದು ಮಾತು. ಮಕ್ಕಳಿಗೆ ‘ಬೇಡ’ ಎನ್ನುವುದು ನಮ್ಮ ಹಕ್ಕು, ಎಷ್ಟೋ ಸಲ ಅದೇ ಸರಿ. ಆದರೆ ಹೇಗೆ ಇಳಿಯಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಯಾರಾದರೂ ಒಮ್ಮೆ ಜತೆಗೆ ಹೋಗಿ ತೋರಿಸಬೇಕು. ಗ್ಯಾರೇಜಿನ ಗೆಳೆಯನೋ, ಮಾವನೋ, ಮೇಷ್ಟ್ರೋ, ಯಾರಾದರೂ ಆದೀತು. ಮಕ್ಕಳಿಗೂ ಒಂದು ಮಾತು: ಅಪ್ಪನ ಹೆದರಿಕೆಯ ಹಿಂದೆ ಒಂದು ಕತೆ ಇದ್ದೀತು. ಕೇಳಿ ನೋಡಿ.

ಮಳೆಗಾಲ ಮುಗಿದು, ನವೆಂಬರಿನ ಮೊದಲ ವಾರ ಆ ಹುಡುಗ ನಮ್ಮ ಮನೆಗೆ ಬಂದ. ನಾಲ್ವರು ಸಹಪಾಠಿಗಳ ಜತೆ ಆಗುಂಬೆಗೆ ಹೊರಟಿದ್ದ. ಕುಂದಾದ್ರಿಯಲ್ಲಿ ಗೆಳೆಯರಿಗೆ ತೋರಿಸಬೇಕೆಂದು ಥರ್ಮಾಮೀಟರ್ ಕೇಳಿದ. ಹತ್ತಿ ಸುತ್ತಿ ಡಬ್ಬಿಯಲ್ಲಿಟ್ಟು ಕೊಟ್ಟೆ. ಮರುದಿನ ಸಂಜೆ ಆರೂಕಾಲಿಗೆ, ಒಡೆಯದೆ ವಾಪಸು ತಂದುಕೊಟ್ಟ.